ಹಾಯಿದೋಣಿ ಸಮಿತಿಯೂ ನಮ್ಮ ಕೌದಿಗಳೂ

ಬ್ಯಾಡಗಿಯ ಗಂಡಸರಿಗೆ ಮೆಣಸಿನಕಾಯಿಯ ಬಣ್ಣ ನೋಡಿ ಬೆಲೆ ಕಟ್ಟಲು ಬರುತ್ತದೆ. ದೋಣಿ ನಡೆಸಲು ಬರುವುದಿಲ್ಲ. ಇಷ್ಟು ಸಣ್ಣ ಸಂಗತಿ ಊರಿನ ಒಬ್ಬರಿಗೂ ಹೊಳೆಯಲಿಲ್ಲ ಎಂಬುದೇ ನನಗೆ ಇವತ್ತಿಗೂ ಸೋಜಿಗ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಕೆರೆಯ ದಂಡೆಯ ಮೇಲೆ ಹೊಸದಾಗಿ ಉದ್ಯಾನ ಮಾಡಿ, ಸಿಮೆಂಟಿನ ಎರಡು ಬಾತುಕೋಳಿ ಕೂರಿಸಿದ್ದರು. ಅವನ್ನು ನೋಡಿ ನೋಡಿ ಹುರುಪೇರಿತೋ ಏನೋ, ಊರಿಗೊಂದು ಹಾಯಿದೋಣಿ ಕೇಂದ್ರ ಬೇಕು, ಎಲ್ಲರೂ ಕೂಡಿ ಕಟ್ಟೋಣ ಎಂದು ಸಮಿತಿಯಾಯಿತು. ಅಧ್ಯಕ್ಷರು ಮೆಣಸಿನಕಾಯಿ ದಲಾಲರು. ಕಾರ್ಯದರ್ಶಿ ನನ್ನ ಗಂಡ. ಇಬ್ಬರೂ ಬಚ್ಚಲಿನ ಹಂಡೆಗಿಂತ ಆಳದ ನೀರನ್ನು ಮುಟ್ಟಿದವರಲ್ಲ. ಗುತ್ತಲದ ಕಡೆಯ ಹೊಳೆಯಿಂದ ಹಳೆಯ ದೋಣಿಯೊಂದನ್ನು ಲಾರಿಯಲ್ಲಿ ತರಿಸುವುದೆಂದು ಗೊತ್ತಾಯಿತು. ಅಂಬಿಗನನ್ನು ಕರೆತರುವ ಮಾತು ಯಾರೂ ಎತ್ತಲಿಲ್ಲ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅನ್ನುತ್ತಾರಲ್ಲ, ಹಾಗೆ ದೋಣಿ ಬರುವ ಮೊದಲೇ ತಂತಿಬೇಲಿ, ಕಬ್ಬಿಣದ ಗೇಟು, ಗೇಟಿಗೆ ಕೀಲಿ ಎಲ್ಲ ಬಂದವು. ಬೇಲಿಯೊಳಗೆ ಸಿಕ್ಕಿಬಿದ್ದದ್ದು ನಮ್ಮ ಮೆಟ್ಟಿಲು. ಹೆಂಗಸರು ಬಟ್ಟೆ ಒಗೆಯಲು ಇಡೀ ಕೆರೆಗೆ ಇದ್ದ ಕಲ್ಲಿನ ಮೆಟ್ಟಿಲು ಅದೊಂದೇ. ನವರಾತ್ರಿಯ ಘಟ ಕೂರಿಸುವ ಮೊದಲು, ಹಳೆಯ ಸೀರೆ ಸೇರಿಸಿ ಹೊಲಿದ, ಹಾಸಿ ಹೊದೆಯುವ ಮನೆಯ ಕೌದಿಗಳನ್ನೆಲ್ಲ ತೊಳೆಯದೆ ನಮ್ಮಲ್ಲಿ ಹಬ್ಬವೇ ಇಲ್ಲ. ನಳದ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕೌದಿಯೋ, ತೊಯ್ದರೆ ಎಮ್ಮೆಯಷ್ಟು ತೂಕ. ಅದೆಲ್ಲ ಹಾಗಿರಲಿ, ಗಂಡಸರ ಕಿವಿಗೆ ಬೀಳದಂತೆ ನಾವು ಬಾಯಿತುಂಬ ನಕ್ಕು ಮಾತಾಡುತ್ತಿದ್ದ ಜಾಗ ಅದೊಂದೇ. ಅದನ್ನೂ ಕಿತ್ತುಕೊಂಡರೆಂದು ನನಗೆ ಮೈಯೆಲ್ಲ ಉರಿಯಿತು.

"ಹಬ್ಬ ಹತ್ರ ಬಂತು, ಕೀಲಿ ತಗೀರಿ," ಎಂದೆ ಗಂಡನಿಗೆ.

"ಬೋಟಿಂಗ್ ಜಾಗಾದಾಗ ಹಾಸಿಗಿ ತೊಳದ್ರ ನೋಡಾಕ ಚಂದ ಕಾಣ್ತೈತೇನ? ಮೀಟಿಂಗ್‌ನ್ಯಾಗ ಮಾತಾಡ್ತೇವಿ ತಗೋ."

ಅದೇ ಉಸಿರಿನಲ್ಲಿ ಹಾಯಿ ಹೊಲಿದುಕೊಡಲು ಹೇಳಿದರು. ನಾನು ಮನೆಯಲ್ಲಿ ಕುಪ್ಪಸ ಹೊಲಿಯುತ್ತಿದ್ದೆ. ಹೊಸ ಬಟ್ಟೆ ಕೊಳ್ಳಲು ಅಧ್ಯಕ್ಷರಿಗೆ ಮನಸ್ಸು ಬರಲಿಲ್ಲ. ತಮ್ಮ ಗೋದಾಮಿನಿಂದ ಮೆಣಸಿನಕಾಯಿಯ ಖಾಲಿ ಚೀಲ ಕಳಿಸಿದರು. ತೊಳೆಯದಿದ್ದರೆ ಘಾಟು ಹೋಗುವುದಿಲ್ಲ ಎಂದೆ.

"ತೊಳಿ ಮತ್ತ."

"ಎಲ್ಲಿ ತೊಳೀಲಿರಿ?"

ಅವರು ಚೀಲದ ಗಂಟನ್ನು ನನ್ನ ಮುಂದೆ ಸರಿಸಿ ಮೀಟಿಂಗಿಗೆ ಹೊರಟರು. ನಾನೂ ಮೂಗಿಗೆ ಸೆರಗು ಕಟ್ಟಿಕೊಂಡು, ಇದ್ದದ್ದನ್ನು ಇದ್ದ ಹಾಗೆಯೇ ಹೊಲಿದು ಕೊಟ್ಟೆ.

ಉದ್ಘಾಟನೆಯ ದಿನ ಇಡೀ ಸಮಿತಿ ಬಿಳಿ ಬಟ್ಟೆಯಲ್ಲಿ ದೋಣಿ ಏರಿತು. ಜನ ನುಗ್ಗಬಾರದೆಂದು ಗೇಟಿಗೆ ಕೀಲಿ ಹಾಕಿ, ಕೀಲಿಕೈಯನ್ನು ಅಧ್ಯಕ್ಷರು ಕಿಸೆಯಲ್ಲಿ ಇಟ್ಟುಕೊಂಡಿದ್ದರು. ನಾವು ಹೆಂಗಸರು ಕೌದಿಯ ಗಂಟು ಹೊತ್ತು ಬೇಲಿಯ ಹೊರಗೆ ನಿಂತೆವು. ಎಲ್ಲರನ್ನೂ ಕರೆದವಳು ನಾನೇ. ಅಧ್ಯಕ್ಷರ ಹೆಂಡತಿಯೂ ಬಂದಿದ್ದರು. ಹಬ್ಬ ತಮ್ಮದಲ್ಲದಿದ್ದರೂ ಓಣಿಯ ಮುಸಲ್ಮಾನರ ಮನೆಯವರು ರಜಾಯಿ ಹೊತ್ತು ಬಂದಿದ್ದರು.

ಹಾಯಿಗೆ ಗಾಳಿ ತುಂಬಿದ್ದೇ ತಡ, ಚೀಲದ ಘಾಟೆಲ್ಲ ಎದ್ದು ಸಮಿತಿಯ ಮೂಗಿಗೆ ಹೊಡೆಯಿತು. ಮೊದಲು ಒಬ್ಬರು ಸೀನಿದರು, ಆಮೇಲೆ ಎಲ್ಲರೂ. ಭಾಷಣಕ್ಕೆ ಬಾಯಿ ತೆರೆದ ಅಧ್ಯಕ್ಷರ ಕಣ್ಣಿನಿಂದ ಧಾರಾಕಾರ ನೀರು. ನಮ್ಮ ಪಕ್ಕದಲ್ಲಿದ್ದ ಮುದುಕನೊಬ್ಬ, "ಪಾಪ, ಊರಿನ ಮ್ಯಾಲ ಎಷ್ಟ ಜೀವ ನೋಡ್ರಿ," ಎಂದ. ಹುಟ್ಟು ಹಿಡಿದವರಿಗೆ ಕಣ್ಣು ಬಿಡಲಾಗದೆ, ದೋಣಿ ಗಾಳಿ ಒಯ್ದ ಕಡೆ ಹೋಗಿ ನಮ್ಮ ಮೆಟ್ಟಿಲಿನ ಎದುರಿನ ಹೂಳಿನಲ್ಲಿ ಸಿಕ್ಕಿಕೊಂಡಿತು. ಇಳಿದರೆ ತೊಡೆಯುದ್ದ ಕೆಸರು.

"ಏನರ ಒಗೀರಿ! ಲಗೂ ಜಗ್ರಿ!" ಎಂದು ನನ್ನ ಗಂಡ ಕೂಗಿದರು.

"ಮೊದಲ ಕೀಲಿಕೈ ಒಗೀರಿ. ಮೆಟ್ಟಿಲು ನಮಗ ಬಿಡ್ತೇವಿ ಅಂತ ಠರಾವು ಮಾಡ್ರಿ," ಎಂದೆ.

ದೋಣಿಯಲ್ಲೇ ಸಭೆ ಕೂಡಿತು. ಸೀನುತ್ತ ಸೀನುತ್ತ ಠರಾವು ಸರ್ವಾನುಮತದಿಂದ ಪಾಸಾಯಿತು. ಕೀಲಿಕೈ ಬೇಲಿ ದಾಟಿ ನಮ್ಮ ಕಾಲ ಬಳಿ ಬಿತ್ತು. ಒಳಗೆ ಹೋಗಿ, ಕೌದಿ ಕಟ್ಟಿ ತಂದಿದ್ದ ಹಳೆಯ ಸೀರೆಗಳನ್ನು ಒಂದಕ್ಕೊಂದು ಬಿಗಿದು ಎಸೆದು, ಸಮಿತಿಯನ್ನು ದಂಡೆಗೆ ಎಳೆದುಕೊಂಡೆವು. ಆಮೇಲೆ ಸಂಜೆಯತನಕ ಕೌದಿ ಬಡಿದು ತೊಳೆದು ತಂತಿಬೇಲಿಯ ಉದ್ದಕ್ಕೂ ಒಳಬದಿಗೆ ಹರವಿದೆವು. ಅಷ್ಟು ಸಂತೋಷ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ. ತೊಯ್ದ ಕೌದಿ ಒಂದು ಬಿಸಿಲಿಗೆ ಒಣಗುವುದಿಲ್ಲ. ಠರಾವು ಆಗಿದೆಯಲ್ಲ ಎಂದು ಕೀಲಿಕೈಯನ್ನು ಗೇಟಿನಲ್ಲೇ ಬಿಟ್ಟು ಮನೆಗೆ ಬಂದೆವು.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ದೀಪ ಹಚ್ಚುವ ಹೊತ್ತಿಗೆ ಗಂಡ ಗತ್ತಿನಿಂದ ಒಳಗೆ ಬಂದರು.

"ಅಧ್ಯಕ್ಷರು ಗೇಟಿಗೆ ಕೀಲಿ ಹಾಕ್ಸ್ಯಾರ. ಠರಾವು ನೀರಾಗ ಆಗಿದ್ದು, ದಂಡಿ ಮ್ಯಾಲ ನಡೆಂಗಿಲ್ಲ."

ಸಿಟ್ಟು ನೆತ್ತಿಗೇರಿತು. ಮರುಗಳಿಗೆಯೇ ಒಂದು ವಿಷಯ ಹೊಳೆದು ತಣ್ಣಗಾದೆ. ರೊಟ್ಟಿ ಬಡಿದು ಬಡಿಸಿದೆ. ಉಂಡು ಕೈತೊಳೆದು ಅವರು ಕೇಳಿದರು, "ಹಾಸಿಗಿ ಎಲ್ಲಿ?"

"ಕೀಲಿ ಒಳಗ," ಎಂದೆ.

ಅಂದು ಸಮಿತಿಗೆ ಸಮಿತಿಯೇ ಬರಿ ನೆಲದ ಮೇಲೆ ಮಲಗಿತು. ಅಧ್ಯಕ್ಷರ ಹೆಂಡತಿಯಂತೂ ಮನೆಯಲ್ಲಿ ಒಂದು ಹೊದಿಕೆಯನ್ನೂ ಬಿಡದೆ ತಂದು ತೊಳೆದಿದ್ದರು. ಬೆಳಿಗ್ಗೆ ನಾವು ಹೋದಾಗ ಗೇಟು ಹಾರು ಹೊಡೆದಿತ್ತು, ಕೀಲಿಯೇ ಇರಲಿಲ್ಲ. ಅಧ್ಯಕ್ಷರು ಸೊಂಟದ ಮೇಲೆ ಒಂದು ಕೈ ಇಟ್ಟುಕೊಂಡು, ಇನ್ನೊಂದು ಕೈಯಿಂದ ತಮ್ಮ ಕೌದಿಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು.

"ಇನ್ನೂ ಹಸಿ ಐತ್ರಿ," ಎಂದೆ. "ಇನ್ನೊಂದ ದಿನ ಬೇಕ."