ಇಂಗ್ಲೆಂಡ್ ರಾಜನ ಪಾರ್ಟು

ನಿಮ್ಮನ್ನು ಊರಿಗೆ ಕಳಿಸಿದ್ದು ಕಂಪನಿಯಲ್ಲ, ಮೇಘಾ. ನಾನು.

ಕಂಪನಿ ಫ್ಯಾಮಿಲಿ ವೀಸಾ ನಿಲ್ಲಿಸಿದೆ, ಮೇಲಿನವರ ತೀರ್ಮಾನ, ನನ್ನ ಕೈಯಲ್ಲಿ ಏನೂ ಇಲ್ಲ — ಎಂದು ಅಲ್ ವಕ್ರಾದ ಈ ಮನೆಯಲ್ಲಿ ನಿನ್ನ ಮುಂದೆ, ನಿನ್ನ ಅಮ್ಮನ ಮುಂದೆ ತಲೆ ತಗ್ಗಿಸಿ ಹೇಳಿದೆನಲ್ಲ, ಅದೆಲ್ಲ ಶುದ್ಧ ಸುಳ್ಳು. ನೀವಿಬ್ಬರೂ ಕತಾರಿನಲ್ಲಿ ಇದ್ದದ್ದು ನನ್ನ ಹೆಸರಿನ ಮೇಲೆ. ಇವರ ವೀಸಾ ಇನ್ನು ಬೇಡ ಎಂದು ನಾನೊಂದು ಅರ್ಜಿ ಕೊಟ್ಟರೆ ಮುಗಿಯಿತು. ಕೊಟ್ಟೆ.

ಯಾಕೆ ಎಂದು ಕೇಳುತ್ತೀಯ. ಅಮ್ಮನಿಗೆ ಇಲ್ಲಿಯ ನರ್ಸರಿ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ಮೆಟ್ರೋ ಹತ್ತಿ ಒಬ್ಬಳೇ ಹೋಗಿಬರುತ್ತಿದ್ದಳು. ಊಟಕ್ಕೆ ಕುಳಿತರೆ ಆ ಮಕ್ಕಳದೇ ಸುದ್ದಿ. ನೀನು ಅವಳ ಕಡೆಗೇ ತಿರುಗಿ ನಗುತ್ತಿದ್ದೆ. ಮುಶೈರಿಬ್‌ನ ನನ್ನ ಆಫೀಸಿನ ಪುರಾಣ ಯಾರಿಗೂ ಬೇಕಿರಲಿಲ್ಲ. ಹೊಟ್ಟೆಕಿಚ್ಚು — ಇದಕ್ಕೆ ಬೇರೆ ಹೆಸರು ಹುಡುಕಿ ನೋಡಿದೆ, ಸಿಗಲಿಲ್ಲ. ಮಗಳು ಮೈಸೂರಿನಲ್ಲಿ ಓದಲಿ, ಒಂದಿಷ್ಟು ಕನ್ನಡ ಕಲಿಯಲಿ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಅರ್ಜಿ ಬರೆದಿಟ್ಟ ವಾರವೇ ನಿನ್ನ ಶಾಲೆಯಲ್ಲಿ ಚರ್ಚಾಸ್ಪರ್ಧೆ. ಅಮೆರಿಕದ ವಸಾಹತುಗಳ ಜನ ಬ್ರಿಟಿಷರ ವಿರುದ್ಧ ದಂಗೆ ಎದ್ದದ್ದು ಯಾಕೆ — ಇದು ವಿಷಯ. ಮನೆಯಲ್ಲಿ ಅಭ್ಯಾಸಕ್ಕೆಂದು ನೀನು ನನಗೆ ಇಂಗ್ಲೆಂಡ್ ರಾಜನ ಪಾರ್ಟು ಕೊಟ್ಟೆ. ನಾನು ಎಷ್ಟು ಚೆನ್ನಾಗಿ ಮಾಡಿದೆ ಗೊತ್ತೇ! ಶತ್ರುಗಳಿಂದ ನಿಮ್ಮನ್ನು ಕಾಪಾಡಿದವರು ಯಾರು, ಆ ಯುದ್ಧದ ಖರ್ಚು ಹೊತ್ತವರು ಯಾರು, ನಾಲ್ಕು ಕಾಸು ತೆರಿಗೆ ಕೊಡಲು ನಿಮಗೇನು ಕಷ್ಟ, ಟೀ ಬೆಲೆಯನ್ನೂ ಇಳಿಸಿದ್ದೇವಲ್ಲ — ಒಂದು ಮಾತನ್ನೂ ಬಾಯಿಪಾಠ ಮಾಡಬೇಕಾಗಲಿಲ್ಲ.

“ಪ್ರಾಬ್ಲಂ ಟೀ ಅಲ್ಲ ಅಪ್ಪಾ,” ಎಂದೆ ನೀನು, ನಿನ್ನ ಅರೆಬರೆ ಕನ್ನಡದಲ್ಲಿ. “ಅವರ ಲೈಫ್ ಬಗ್ಗೆ ಎಲ್ಲಾ ಡಿಸೈಡ್ ಮಾಡೋದು ಸಮುದ್ರದ ಆ ಕಡೆ ಇರೋ ಪಾರ್ಲಿಮೆಂಟು. ಅಲ್ಲಿ ಇವರ ಪರವಾಗಿ ಮಾತಾಡೋಕೆ ಒಬ್ರೂ ಇಲ್ಲ. ರಿಕ್ವೆಸ್ಟ್ ಮಾಡಿದ್ರೂ ರಾಜ ಕೇಳಲ್ಲ. ಅದಕ್ಕೇ ಚೀಪ್ ಟೀನೂ ಬೇಡ, ರಾಜನೂ ಬೇಡ ಅಂದ್ರು. ನಿನಗೆ ಯಾರಾದ್ರೂ ಹಾಗ್ ಮಾಡಿದ್ರೆ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಗದರಿದೆ — “ಸಾಕು, ಖಲಾಸ್! ಊಟಕ್ಕೇಳು.” ಅರ್ಜಿ ಇನ್ನೂ ನನ್ನ ಬ್ಯಾಗಿನಲ್ಲೇ ಇತ್ತು. ಹರಿದು ಹಾಕಬಹುದಿತ್ತು. ಅಮ್ಮನನ್ನು ಕೂರಿಸಿಕೊಂಡು ಒಂದು ಮಾತು… ಮರುದಿನ ಆಫೀಸಿಗೆ ಹೋದವನೇ, ಸರ್ಕಾರಿ ಕಚೇರಿಗಳಿಗೆ ಓಡಾಡುವ ನಮ್ಮ ಮಂದೂಬ್ ಕೈಗೆ ಕೊಟ್ಟುಬಿಟ್ಟೆ. ಸ್ಪರ್ಧೆಯಲ್ಲಿ ನೀನು ಗೆದ್ದು ಬಂದೆ. ಬಹುಮಾನ ತೋರಿಸಿದಾಗ ನಿನ್ನ ಮುಖ ನೋಡಲು ನನ್ನಿಂದ ಆಗಲಿಲ್ಲ.

ಏರ್‌ಪೋರ್ಟಿನಲ್ಲಿ ಅಮ್ಮ ನನ್ನನ್ನೇ ಸಮಾಧಾನ ಮಾಡಿದಳು. ಕೆಲಸ ಕಳೆದುಕೊಂಡವಳು ಅವಳು, ಗೆಳತಿಯರನ್ನು ಬಿಟ್ಟು ಹೊರಟವಳು ನೀನು, ಕನಿಕರವೆಲ್ಲ ನನಗೆ. ನೀನೀಗ ಕಾಲೇಜು ಹುಡುಗಿ. ಇವತ್ತಿಗೂ ಫೋನ್ ಮಾಡಿದರೆ “ಪಾಪ ಅಪ್ಪ, ನಮಗೋಸ್ಕರ ಒಬ್ಬನೇ ಇದ್ದೀಯ” ಎನ್ನುತ್ತೀಯ. ಆ ಮಾತನ್ನು ನಾನು ನಾಚಿಕೆಯಿಲ್ಲದೆ ಉಂಡಿದ್ದೇನೆ. ಶುಕ್ರವಾರ ಸಂಜೆ ಹಳೇ ಪೇಟೆ ಸೂಕ್ ವಾಕಿಫ್‌ಗೆ ಹೋಗುತ್ತೇನೆ, ಕೊಳ್ಳಲು ಏನೂ ಇರುವುದಿಲ್ಲ. ಯಾವುದಾದರೂ ಕನ್ನಡದ ಸಂಸಾರ ಕಂಡರೆ ಸ್ವಲ್ಪ ದೂರ ಅವರ ಹಿಂದೆಯೇ ನಡೆಯುತ್ತೇನೆ, ಅವರ ಸಣ್ಣಪುಟ್ಟ ಜಗಳ ಕೇಳಿಸಿಕೊಳ್ಳುತ್ತ. ಈ ಒಂಟಿತನ ಯಾರೂ ಹೇರಿದ್ದಲ್ಲ, ನಾನೇ ಸಹಿ ಹಾಕಿ ತಂದುಕೊಂಡದ್ದು.

ನಿನ್ನ ಕ್ಷಮೆ ಕೇಳುತ್ತಿಲ್ಲ. ನಿಮ್ಮ ಕನಿಕರಕ್ಕೆ ನಾನು ಯೋಗ್ಯನಲ್ಲ — ಇಷ್ಟು ನಿನಗೆ ಗೊತ್ತಾಗಬೇಕಿತ್ತು.

ಅಮ್ಮನಿಗೆ ಇವತ್ತು ನಾನೇ ಫೋನಿನಲ್ಲಿ ಹೇಳಿದೆ. “ಆ ಕಂಪನಿಯವರಿಗೆ ಎಷ್ಟು ಶಾಪ ಹಾಕಿದ್ದೆ ರೀ ನಾನು…” ಎಂದಳು. ಅಷ್ಟೇ. ಫೋನ್ ಇಡುವ ಮುಂಚೆ ದಿನವೂ “ಊಟ ಆಯ್ತಾ?” ಎಂದು ಕೇಳುವವಳು, ಇವತ್ತು ಕೇಳಲಿಲ್ಲ.