ನಮ್ಮ ಮಾವ ಜನರಲ್ ಆದದ್ದು

ಏಕೀಕರಣವಾದ ವರ್ಷ ಬೆಟಗೇರಿಯ ನೇಕಾರರ ಓಣಿಯವರು ಸಂಭ್ರಮಕ್ಕೊಂದು ನಾಟಕ ಆಡಲು ನಿಶ್ಚಯಿಸಿದರು. ಕಥೆ ನಮ್ಮ ಸೀಮೆಯದೇ. ಸುಮಾರು ನೂರೈವತ್ತು ವರ್ಷಗಳ ಹಿಂದೆ ಕಂಪನಿ ಸರಕಾರದ ಇಂಗ್ಲಿಷ್ ಜನರಲ್ ಒಬ್ಬ ಬಂಡಾಯಗಾರನೊಬ್ಬನನ್ನು ಬೆನ್ನಟ್ಟಿಕೊಂಡು ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆ ಬಂದಿದ್ದ. ಡಂಬಳದ ಕೋಟೆ ಹಿಡಿದು ಅಲ್ಲಿನ ಕಿಲ್ಲೇದಾರನನ್ನು ಗಲ್ಲಿಗೇರಿಸಿದ್ದ. ಬಂಡಾಯಗಾರನ ಪಾತ್ರಕ್ಕೆ ಓಣಿಯ ಗಂಡಸರೆಲ್ಲ ಮುಂದೆ ಬಂದರು. ಜನರಲ್ಲನ ಪಾತ್ರಕ್ಕೆ ಯಾರೂ ಬರಲಿಲ್ಲ.

ನಾಟಕದ ಮಾಸ್ತರರು ಒಂದು ಇಂಗ್ಲಿಷ್ ಪುಸ್ತಕದಲ್ಲಿದ್ದ ಜನರಲ್ಲನ ಚಿತ್ರ ನೋಡಿದರು, ಆಮೇಲೆ ನನ್ನ ಸೋದರಮಾವನ ಮುಖ ನೋಡಿದರು. ಇಬ್ಬರದೂ ಗಿಳಿಮೂಗು.

"ನಿಮ್ಮ ಮೂಗಿಗೆ ಬ್ಯಾರೆ ದಾರಿ ಇಲ್ರಿ" ಎಂದರು.

ಮಾವ ಮಗ್ಗ ಬಿಟ್ಟು ಏಳುವುದೇ ಅಪರೂಪ, ಮಾತಾಡುವುದು ಇನ್ನೂ ಅಪರೂಪ. ಆದರೂ ಒಪ್ಪಿಕೊಂಡರು. ನಾನು ಆಗ ಗದಗಿನ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಸಂಜೆ ಮಾವ ನೂಲು ಸುತ್ತುತ್ತ ಆ ಪುಸ್ತಕವನ್ನು ನನ್ನಿಂದ ಕನ್ನಡದಲ್ಲಿ ಹೇಳಿಸಿಕೊಳ್ಳುತ್ತಿದ್ದರು.

"ಇಲ್ಲಿಂದ ಹೋದ ಮ್ಯಾಲೆ ಏನಾದ ಯವ್ವಾ ಅಂವ?"

"ಫ್ರಾನ್ಸಿನ ಬಾದಶಹಾನ್ನ ಸೋಲಿಸಿದ, ಮಾಮಾ. ಆಮ್ಯಾಲೆ ತನ್ನ ದೇಶದ ಪ್ರಧಾನಿ ಆದ. ಹೆಚ್ಚು ಮಂದಿಗೆ ಮತದ ಹಕ್ಕು ಬ್ಯಾಡ ಅಂದಿದ್ದಕ್ಕ ಅವನ ಮನಿ ಕಿಟಕಿಗೆ ಕಲ್ಲು ಬಿದ್ದೂವು."

ಮಾವ ತಲೆಯಾಡಿಸಿದರು. "ದಂಡು ಮಾತು ಕೇಳತೈತಿ. ಮಂದಿ ಕೇಳೂದಿಲ್ಲ."

ಇನ್ನೊಂದು ಸಂಜೆ ಕೂಸಿನ ಸಂಗತಿ ಬಂತು. ಬಂಡಾಯಗಾರ ಸತ್ತ ಮೇಲೆ ಅವನ ಸಾಮಾನಿನ ನಡುವೆ ಅವನ ಸಣ್ಣ ಮಗ ಸಿಕ್ಕಿದ್ದ. ಜನರಲ್ ಅವನನ್ನು ತನ್ನ ಡೇರೆಗೆ ತರಿಸಿ ಸಾಕಿದ, ದೇಶ ಬಿಡುವಾಗ ಅವನ ಪೋಷಣೆಗೂ ಏರ್ಪಾಡು ಮಾಡಿ ಹೋದ. ಮರುದಿನವೇ ಮಾವ ಮಾಸ್ತರರ ಬಳಿ ಹೋಗಿ ಆ ದೃಶ್ಯ ಸೇರಿಸಬೇಕೆಂದರು.

"ಮಂದಿ ಅವನನ್ನ ಬೈಯಾಕ ಬರ್ತಾರ್ರಿ. ಕೂಸು ಎತ್ತಿದ್ರ ಹೆಂಗ ಬೈತಾರ?" ಎಂದರು ಮಾಸ್ತರರು.

"ಗಲ್ಲಿಗೇರಿಸಿದ್ದೂ ಅದ ಕೈ, ಕೂಸು ಎತ್ತಿದ್ದೂ ಅದ ಕೈ. ಎರಡೂ ತೋರಸ್ರಿ. ಇಲ್ಲಾಂದ್ರ ಬ್ಯಾರೆ ಮೂಗು ಹುಡುಕ್ರಿ."

ಬೇರೆ ಮೂಗು ಸಿಗಲಿಲ್ಲ.

ನಾಟಕದ ಸಂಜೆ ಓಣಿ ತುಂಬ ಜನ. ಗಲ್ಲಿನ ದೃಶ್ಯದಲ್ಲಿ ಮುಂದಿನ ಸಾಲಿನಿಂದ ಒಂದು ಉಳ್ಳಾಗಡ್ಡಿ ಹಾರಿಬಂದು ನೇರ ಮಾವನ ಮೂಗಿಗೆ ಬಡಿಯಿತು. ರಕ್ತ ಬಂತು. ಮಾವ ಒರೆಸಿಕೊಂಡು ಮಾತು ಮುಂದುವರಿಸಿದರು. ಕೊನೆಗೆ ಬಂಡಾಯಗಾರ ಸತ್ತ. ಮಾವ ಪಕ್ಕದ ಮನೆಯ ಕೂಸನ್ನು ಎತ್ತಿಕೊಂಡರು. ಅದು ರಕ್ತ ಕಂಡು ನಿಜವಾಗಿಯೇ ಚೀರಿತು. ಮಾವ ತಮ್ಮ ಮಾತು ಮರೆತು, ಅದನ್ನು ತೊಡೆಯ ಮೇಲೆ ಕೂಡಿಸಿಕೊಂಡು ಬೆನ್ನು ತಟ್ಟತೊಡಗಿದರು. ಬೈಯಲು ಬಂದವರು ಕುತ್ತಿಗೆ ಚಾಚಿ ಕೂಸನ್ನು ನೋಡತೊಡಗಿದರು.

ಆಗ ಮುದುಕಿಯೊಬ್ಬಳು ಎದ್ದು ನಿಂತು ಕೇಳಿದಳು: "ಅಲ್ಲೋ ಜನರಲ್ಲ, ಕೂಸಿನ ಅವ್ವ ಎಲ್ಲೆದಾಳ?"

ಪರದೆಯ ಮರೆಯಿಂದ ಮಾಸ್ತರರು ಮುಂದೆ ಹೋಗೆಂದು ಕೈಬೀಸಿದರು. ಮಾವ ಅತ್ತ ನೋಡಲಿಲ್ಲ.

"ಗೊತ್ತಿಲ್ಲವ್ವಾ. ಪುಸ್ತಕದಾಗ ಬರದಿಲ್ಲ."

"ಯಾಕ ಬರದಿಲ್ಲ?"

"ಬರದಾಂವ ಕೇಳಿರಾಕಿಲ್ಲ."

ಮಾಸ್ತರರು ಪರದೆ ಇಳಿಸಿಬಿಟ್ಟರು.

ನಾಟಕ ಮುಗಿದ ಮೇಲೆ ಮುದುಕಿ ಒಳಗೆ ಬಂದು ಮಾವನ ಮೂಗಿಗೆ ಅರಿಷಿಣ ಒತ್ತಿದಳು.

"ಹೊಡದಾಕಿ ನಾನ, ತಮ್ಮಾ. ನಾ ಡಂಬಳದಾಕಿ. ಉಡಿಯಾಗ ಇನ್ನೊಂದಿತ್ತು. ಕೂಸು ಎತ್ತಿದಿ ಅಂತ ಹೊಡಿಲಿಲ್ಲ."

"ಛಲೋ ಆತವ್ವಾ" ಎಂದರು ಮಾವ.

ಮರುವರ್ಷ ಓಣಿಯವರು ಬಿಳಿಯರೇ ಇಲ್ಲದ ನಾಟಕ ಆರಿಸಿಕೊಂಡರು. ಮಾವನನ್ನು ಕರೆಯಲಿಲ್ಲ. ಮಾವ ಮಾತ್ರ ನನ್ನನ್ನು ಬಿಡಲಿಲ್ಲ; ಸಿಕ್ಕಾಗಲೆಲ್ಲ "ಆ ತಾಯಿ ಖಬರ ಸಿಕ್ಕಿತೇನ?" ಎನ್ನುವರು. ಧಾರವಾಡಕ್ಕೆ ಹೋದಾಗ ಗ್ರಂಥಾಲಯದಲ್ಲಿ ಹುಡುಕಿದೆ. ಜನರಲ್ಲನ ಮೇಲೆ ದಪ್ಪ ದಪ್ಪ ಪುಸ್ತಕಗಳಿದ್ದವು. ಆ ಹುಡುಗ ಬೆಳೆದು ಮೈಸೂರು ಅರಸರ ಚಾಕರಿಗೆ ಸೇರಿ, ಕಾಲರಾ ಬೇನೆಯಿಂದ ಸತ್ತನೆಂದೂ ಇತ್ತು. ತಾಯಿ ಎಲ್ಲಿಯೂ ಇರಲಿಲ್ಲ.

ಬಂದು ಹೇಳಿದೆ. ಮಾವ ಲಾಳಿ ಕೈಯಲ್ಲಿ ಹಿಡಿದೇ ಕೇಳಿದರು.

"ಆತು. ಹುಡುಕೋದು ಬಿಡಬ್ಯಾಡ" ಎಂದು ಮತ್ತೆ ನೇಯತೊಡಗಿದರು.