ಮೂಗಿನ ಮೇಲಿನ ಚುಕ್ಕೆ

ಹಳೆಯ ಹಾರ್ಡ್‌ಡಿಸ್ಕನ್ನು ಲ್ಯಾಪ್‌ಟಾಪಿಗೆ ಜೋಡಿಸಿದಾಗ ಅದು ಮೊದಲು ಟಿಕ್‌ಟಿಕ್ ಎಂದು, ಆಮೇಲೆ ಒಳಗೆಲ್ಲೋ ಗಿರಗುಟ್ಟತೊಡಗಿತು. ಕಳೆದ ವಾರ ಹಳೆಯ ಪರಿಚಯದವರೊಬ್ಬರು ಒಂದು ಫೋಟೋ ಕೇಳಿದ್ದರು. ಅದನ್ನು ಹುಡುಕುತ್ತಿದ್ದೆ. ‘ಓನರಮ್ಮ ಫೈನಲ್ 2’ ಎಂಬ ಹೆಸರಿನಲ್ಲಿ ಸಿಕ್ಕಿತು. ಫೈನಲ್ ಒಂದು ಯಾವುದಾಗಿತ್ತೋ... ತೆರೆದೆ. ನಿಂತ ಗಂಡಸು, ಕುರ್ಚಿಯಲ್ಲಿ ಕೂತ ಹೆಂಗಸು, ಅವಳ ಮಡಿಲಲ್ಲಿ ಒಂದು ಕೂಸು. ಕೂಸಿನ ಮೂಗಿನ ಮೇಲೆ ಆ ಚುಕ್ಕೆ.

ಓನರಮ್ಮ ಎಂದರೆ ಕುಂದಲಹಳ್ಳಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿ. ಕೆಳಗೆ ಅವರ ಸಂಸಾರ, ತಾರಸಿಯ ಮೇಲಿನ ಒಂಟಿ ಕೋಣೆಯಲ್ಲಿ ನಾನು. ಎಂ.ಎಸ್ಸಿ. ಮುಗಿಸಿ ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಬಳಕೆಯ ಕೈಪಿಡಿ ಬರೆಯುವ ಕೆಲಸ ಹಿಡಿದಿದ್ದೆ. ನಮ್ಮ ಕಂಪನಿಯ ಪಾರ್ಕಿಂಗ್ ಇದ್ದ ಜಾಗ ಹಿಂದೆ ಅವರ ಹೊಲವಾಗಿತ್ತು. “ನೀನು ಗಾಡಿ ನಿಲ್ಸೋ ತಾವು ನಾವು ಅವರೇಕಾಯಿ ಕೀಳ್ತಿದ್ವಿ ಕಣವ್ವ” ಎಂದು ಅವರು ಆಗಾಗ ನಗುತ್ತಿದ್ದರು. ನನ್ನ ವಿಷಯ ನಾನಾಗಿ ಹೇಳುವವಳಲ್ಲ. ಅವರು ಕೇಳುವುದನ್ನು ಬಿಡಲೂ ಇಲ್ಲ.

ಒಂದು ಭಾನುವಾರ ಮಧ್ಯಾಹ್ನ ಅವರು ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ಮೇಲೆ ಬಂದರು.

“ಏನವ್ವ, ರಜದಾಗೂ ಕಂಪೂಟ್ರ ಮುಂದೇನೇ ಕುಂತಿದೀಯ? ಕಣ್ಣು ಓಯ್ತವೆ ನೋಡು. ಆಗ ಯಾವನೂ ಕಟ್ಕಳಲ್ಲ.”

ಸೆರಗಿನಿಂದ ಹೊರಗೆ ಬಂದದ್ದು ಈ ಫೋಟೋ. ಗಾಜಿನೊಳಗೆ ತೇವ ಹೋಗಿ ಅರ್ಧ ಮಾಸಿತ್ತು. ಉಳಿದರ್ಧದಲ್ಲಿ ಯಾರೋ ರಾಗಿ ಎರಚಿದಂತೆ ಚುಕ್ಕೆಗಳು.

“ಇದ್ರಾಗಿರೋ ಕೂಸು ಯಾರು ಅಂತ ನೋಡಿ ಯೋಳು.”

“ನಿಮಗೇ ಗೊತ್ತಿಲ್ಲದ್ದು ಕಂಪ್ಯೂಟರಿಗೆ ಹೇಗೆ ಗೊತ್ತಾಗುತ್ತೆ ಓನರಮ್ಮ?” ಎಂದೆ. ಅವರು ನಗಲಿಲ್ಲ. ಮಂಚದ ಅಂಚಿನಲ್ಲಿ ಕೂತು ಹೇಳತೊಡಗಿದರು.

ಅವರು ಅಂಬೆಗಾಲಿಡುವ ಮೊದಲೇ ಅವರ ತಾಯಿ ತೀರಿಕೊಂಡಿದ್ದರು. ತಾಯಿಯದೆಂದು ಉಳಿದದ್ದು ಇದೊಂದೇ ಚಿತ್ರ. ಮಡಿಲಲ್ಲಿರುವುದು ತಾನೇ ಎಂದು ಓನರಮ್ಮ ಬುದ್ಧಿ ತಿಳಿದಾಗಿನಿಂದ ನಂಬಿದ್ದರು. ಆದರೆ ಅದರ ಹಿಂದಿನ ವಾರ ಮೊಮ್ಮಗುವಿನ ನಾಮಕರಣಕ್ಕೆ ಮಾಕಳಿಯಿಂದ ಬಂದಿದ್ದ ಮುದಿ ಸೋದರತ್ತೆ, ಗೋಡೆಯಲ್ಲಿ ತೂಗುತ್ತಿದ್ದ ಈ ಫೋಟೋ ನೋಡಿ, “ಅದು ನೀನಲ್ಲ ಕಣೇ, ನಿಮ್ಮಕ್ಕ” ಎಂದುಬಿಟ್ಟಿದ್ದಳು. ಓನರಮ್ಮನಿಗಿಂತ ಮೊದಲು ಹುಟ್ಟಿದ್ದ ಹೆಣ್ಣುಮಗುವೊಂದು ವರ್ಷ ತುಂಬುವ ಮುಂಚೆ ಹೋಗಿತ್ತಂತೆ. ಅದೇ ಸೋದರತ್ತೆ ಅದೇ ದಿನ ನನ್ನನ್ನು ಓನರಮ್ಮನ ಸೊಸೆ ಎಂದುಕೊಂಡು ಕೆನ್ನೆ ಸವರಿದ್ದಳು. ಹಾಗಾಗಿ ಅವಳ ಮಾತನ್ನು ನಂಬಲೂ ಆಗದು, ಬಿಡಲೂ ಆಗದು.

ಒಂದು ಗುರುತು ಮಾತ್ರ ಇತ್ತು. ಹುಟ್ಟಿದ ಮಗು ಉಳಿಯದ ಮನೆಯಲ್ಲಿ ಮುಂದಿನ ಮಗುವನ್ನು ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಮಲಗಿಸುತ್ತಿದ್ದರು. ಹಿಡಿ ತೌಡು ಕೊಟ್ಟು ಯಾರದೋ ಮಗುವೆಂಬಂತೆ ಕೊಂಡು ತರುತ್ತಿದ್ದರು. ಆ ಎಳೆ ವಯಸ್ಸಿನಲ್ಲೇ ಮೂಗು ಚುಚ್ಚುತ್ತಿದ್ದರು. ಜವರಾಯ ನೋಡಿ, ಇದು ಯಾರಿಗೂ ಬೇಡದ ಕೂಸು ಎಂದು ಬಿಟ್ಟು ಹೋಗಲಿ ಎಂದು. ಓನರಮ್ಮನಿಗೆ ಹಾಗೆ ಚುಚ್ಚಿದ್ದರು. ಅಕ್ಕನಿಗೆ ಚುಚ್ಚಿರಲಿಲ್ಲ.

“ಮೂಗಿನ ಮ್ಯಾಲೆ ಚುಕ್ಕಿ ಕಾಣ್ತೈತಲ್ಲ, ಅದು ಮೂಗುಬೊಟ್ಟಾದ್ರೆ ನಾನು. ದೂಳಾದ್ರೆ ನಮ್ಮಕ್ಕ. ಅಷ್ಟೇಯ. ನಮ್ಮವ್ವ ನನ್ನ ಎತ್ಕಂಡಿದ್ದು ಎಲ್ಲಾರ ಐತಾ ಅಂತ ನಂಗೆ ಗೊತ್ತಾಗ್ಬೇಕು.”

ಫೋಟೋವನ್ನು ಸ್ಕ್ಯಾನ್ ಮಾಡಿಸಿ, ಮುಂದಿನ ಭಾನುವಾರ ಇಬ್ಬರೂ ಪರದೆಯ ಮುಂದೆ ಕೂತೆವು. ಕಾಲೇಜು ಪತ್ರಿಕೆಗಾಗಿ ಕಲಿತ ಫೋಟೋ ತಿದ್ದುವ ಸಾಫ್ಟ್‌ವೇರ್ ನನಗೆ ತಕ್ಕಮಟ್ಟಿಗೆ ಗೊತ್ತಿತ್ತು. ತಂದೆಯ ಎದೆಯ ಮೇಲಿನ ಗೀರು ಹೋಯಿತು. ತಾಯಿಯ ಸೀರೆಯ ಅಂಚು ಮೇಲೆದ್ದು ಬಂತು. ಓನರಮ್ಮ ಪರದೆಗೆ ಇನ್ನಷ್ಟು ಹತ್ತಿರ ಬಾಗಿದರು. ಕೂಸಿನ ಮುಖವನ್ನು ದೊಡ್ಡದು ಮಾಡಿದೆ, ಇನ್ನೂ ದೊಡ್ಡದು ಮಾಡಿದೆ. ಮೂಗು ಕರಗಿ ಬರೀ ಬೂದು ಚೌಕಗಳಾದವು.

“ಇದೇನವ್ವ, ಬಚ್ಚಲಿಗೆ ಟೈಲ್ಸ್ ಆಕ್ದಂಗೈತೆ?”

“ಇಷ್ಟೇ ಇರೋದು ಓನರಮ್ಮ, ಇದಕ್ಕಿಂತ ಒಳಗೆ ಏನೂ ಇಲ್ಲ.”

“ಅಂಗಾರೆ ಕೂಸ್ನ ಒಸಿ ಈ ಕಡೀಕ್ ತಿರುಗ್ಸು. ಪಕ್ಕದಿಂದ ನೋಡಾನ.”

ಅವರು ತಮಾಷೆ ಮಾಡುತ್ತಿರಲಿಲ್ಲ. ಆಗುವುದಿಲ್ಲ ಎಂದಾಗ ನನ್ನನ್ನೇ ಅನುಮಾನದಿಂದ ನೋಡಿದರು. ಅದೇ ಗಾತ್ರದ ಚುಕ್ಕೆಗಳು ಚಿತ್ರದೊಳಗಿನ ಗೋಡೆಯ ಮೇಲಿದ್ದವು, ತಾಯಿಯ ತೋಳಿನ ಮೇಲಿದ್ದವು. ಮೂಗಿನದು ಕೊಂಚ ಗಾಢವೆನಿಸಿತು. ಮತ್ತೆ ನೋಡಿದರೆ ಹಾಗೇನೂ ಇರಲಿಲ್ಲ. ನಾನು ಬರೆಯುತ್ತಿದ್ದ ಕೈಪಿಡಿಗಳಲ್ಲಿ ಈ ಗುಂಡಿ ಒತ್ತಿದರೆ ಹೀಗಾಗುತ್ತದೆ ಎಂಬ ಒಂದೇ ಉತ್ತರ ಇರುತ್ತಿತ್ತು. ಇಲ್ಲಿ ಒತ್ತಿದರೆ ಎರಡೂ ಆಗುತ್ತಿತ್ತು.

ಆ ಚುಕ್ಕೆಯನ್ನು ನಾನು ಚಿತ್ರದ ಮೇಲೆ ಹಾಸಿದ ಪಾರದರ್ಶಕ ಹಾಳೆಯಂಥ ಬೇರೆ ಪದರವಾಗಿ ಇಟ್ಟುಕೊಂಡಿದ್ದೆ. ಪರದೆಯ ಬದಿಯಲ್ಲಿ ಆ ಪದರದ ಹೆಸರು, ಅದರ ಪಕ್ಕದಲ್ಲಿ ಪುಟ್ಟ ಕಣ್ಣಿನ ಗುರುತು. ಅದನ್ನು ಒತ್ತಿದರೆ ಕಣ್ಣು ಮುಚ್ಚಿ ಚುಕ್ಕೆ ಮಾಯ. ಇನ್ನೊಮ್ಮೆ ಒತ್ತಿದರೆ ಮತ್ತೆ ಹಾಜರು. ತೋರಿಸಿದೆ.

“ಈಗ ನಾನು,” ಎಂದರು ಓನರಮ್ಮ. ಒತ್ತಿದೆ. “ಈಗ ಅಕ್ಕ.” ಒತ್ತಿದೆ. “ಮತ್ತೆ ನಾನು!” ಸಣ್ಣ ಹುಡುಗಿಯಂತೆ ನಕ್ಕರು. ಎಷ್ಟು ಸಲ ಒತ್ತಿಸಿದರೋ... ಕೊನೆಗೆ ತಾವೇ ನನ್ನ ಕೈ ತಡೆದರು.

“ಯಾವುದನ್ನ ಪ್ರಿಂಟ್ ಹಾಕಿಸಲಿ?” ಎಂದೆ.

“ಅಳಿಸಿರೋದೇ ಆಕ್ಸು.”

ನಾನು ಅವರ ಮುಖ ನೋಡಿದೆ.

“ನಂಗೇನವ್ವ, ಗಂಡ, ಮಕ್ಳು, ಮನೆ, ತಲೆ ತಿನ್ನಾಕೆ ನಿನ್ನಂತ ಬಾಡಿಗೇರು, ಎಲ್ಲಾ ಅವ್ರೆ. ಅವ್ಳಿಗೆ ಇರೋದು ಆ ಮಡ್ಲು ಒಂದೇಯ.”

ಹೊಸ ಪ್ರಿಂಟಿನ ಹಿಂದೆಯೇ ಹಳೆಯ ಫೋಟೋವನ್ನೂ ಇಟ್ಟು ಕಟ್ಟು ಹಾಕಿಸಿದರು. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಆದರೆ ಕೆಲವು ದಿನಗಳ ಮೇಲೆ, ನೀರಿನ ಮೋಟರ್ ಹಾಕಿ ಎಂದು ಕೇಳಲು ಬೆಳಿಗ್ಗೆ ಅವರ ಹಜಾರಕ್ಕೆ ಹೋದಾಗ ನೋಡಿದೆ. ಫೋಟೋದ ಗಾಜಿನ ಮೇಲೆ, ಸರಿಯಾಗಿ ಕೂಸಿನ ಮೂಗಿರುವ ಕಡೆ, ಕಾಡಿಗೆಯ ಸಣ್ಣ ಬೊಟ್ಟು. ಮಾರನೆಯ ದಿನ ಅದು ಇರಲಿಲ್ಲ, ಗಾಜು ಒರೆಸಿದ್ದರು. ಮತ್ತೊಂದು ದಿನ ಇತ್ತು... ನಾನು ಆ ಮನೆ ಬಿಡುವವರೆಗೂ ಹೀಗೇ. ಕೆಲವು ದಿನ ಇರುತ್ತಿತ್ತು, ಕೆಲವು ದಿನ ಇರುತ್ತಿರಲಿಲ್ಲ.

ಕೆಲಸ ಬದಲಾಗಿ ನಾನು ಎಲೆಕ್ಟ್ರಾನಿಕ್ ಸಿಟಿಯ ಕಡೆ ಬಂದು ವರ್ಷಗಳಾದವು. ಕಳೆದ ವಾರ ಫೋಟೋ ಕೇಳಿದ್ದು ಓನರಮ್ಮನ ಮಗಳು. ಫೋನಿನಲ್ಲಿ ಮೊದಲು ಹೇಳಿದ್ದೇ, “ಅಕ್ಕಾ, ಅಮ್ಮ ಹೋಗ್ಬಿಟ್ರು” ಎಂದು. ಹಳೇ ಮನೆ ಕೆಡವುವಾಗ ಸಾಮಾನು ಹೊರಗಿಟ್ಟಿದ್ದರಂತೆ. ಮಳೆ ಬಂದು ಕಟ್ಟಿನೊಳಗಿದ್ದ ಎರಡೂ ಫೋಟೋ ಒಂದಕ್ಕೊಂದು ಅಂಟಿಕೊಂಡು ಹಾಳಾದವಂತೆ.

“ನಿಮ್ಮತ್ರ ಇರುತ್ತೆ ಅಂತ ಅಮ್ಮ ಯಾವಾಗ್ಲೋ ಅಂದಿದ್ರು. ಅಜ್ಜಿ ಮಡಿಲಲ್ಲಿರೋದು ಅಮ್ಮಾನೇ ಅಲ್ವಾ ಅಕ್ಕಾ?”

ಹುಡುಕಿ ಕಳಿಸುತ್ತೇನೆ ಎಂದಷ್ಟೇ ಹೇಳಿದೆ.

ಫೈಲಿನ ಮುಂದೆ ತುಂಬ ಹೊತ್ತು ಕೂತಿದ್ದೆ. ಆ ಪುಟ್ಟ ಕಣ್ಣು ಈಗಲೂ ಕೆಲಸ ಮಾಡುತ್ತದೆ. ಮುಚ್ಚಿದೆ, ತೆರೆದೆ. ಈಗ ನಾನು, ಈಗ ಅಕ್ಕ, ಎನ್ನುವ ದನಿ ಮಾತ್ರ ಇಲ್ಲ. ಅಳಿಸಿದ್ದನ್ನು ಕಳಿಸಿದರೆ ಓನರಮ್ಮ ಹೇಳಿದ ಹಾಗೆ ಮಾಡಿದಂತಾಗುತ್ತದೆ. ಆದರೆ ಕಾಡಿಗೆಯ ಬೊಟ್ಟು ಇಟ್ಟವರೂ ಅವರೇ. ಕೊನೆಗೆ ಎರಡನ್ನೂ ಬಿಟ್ಟು, ಏನೂ ತಿದ್ದದ ಮೊದಲ ಸ್ಕ್ಯಾನನ್ನೇ ಕಳಿಸಿದೆ. ಗೀರು, ತೇವದ ಕಲೆ, ಎರಚಿದ ರಾಗಿ, ಎಲ್ಲದರ ಸಮೇತ.

ಮಗಳ ಉತ್ತರ ಬೇಗನೆ ಬಂತು. “ಥ್ಯಾಂಕ್ಸ್ ಅಕ್ಕಾ. ಆದ್ರೆ ತುಂಬಾ ಚುಕ್ಕೆ ಇದಾವೆ. ಸ್ವಲ್ಪ ತೆಗ್ದು ಕಳ್ಸೋಕಾಗುತ್ತಾ?”

ತೆಗೆಯಬಹುದು. ಯಾವುದನ್ನು ಉಳಿಸಲಿ ಎಂದು ಕೇಳೋಣವೆಂದರೆ ಓನರಮ್ಮ ಇಲ್ಲ...